ಎಂಜಿನ್ ಬದಲಾದರೂ ಆರದ ಚೆಕ್ ಲೈಟ್: ಗ್ಯಾರೇಜಿನ ಹತ್ತು ಪಾಠ

ನಮ್ಮ ಗ್ಯಾರೇಜಿಗೆ ಬರುವ ಕಗ್ಗಂಟಿನ ಗಾಡಿಗಳಲ್ಲಿ ಬಹಳಷ್ಟು ಬೇರೆ ಕಡೆ ಎಂಜಿನ್ ಬದಲಿಸಿಕೊಂಡು ಬಂದವು. ಮಳೆನೀರು ನುಗ್ಗಿ ಕನೆಕ್ಟಿಂಗ್ ರಾಡ್ ಬಾಗಿರುತ್ತದೆ, ಟೈಮಿಂಗ್ ಬೆಲ್ಟ್ ಹರಿದು ವಾಲ್ವ್‌ಗಳು ಪಿಸ್ಟನ್ನಿಗೆ ಹೊಡೆದಿರುತ್ತವೆ, ಇಲ್ಲವೇ ಆಯಿಲ್ ಇಲ್ಲದೆ ಓಡಿ ಕ್ರ್ಯಾಂಕ್ ಹಿಡಿದುಕೊಂಡಿರುತ್ತದೆ. ಹೊಸ ಎಂಜಿನ್ನಿನ ಬೆಲೆ ಕೇಳಿದ ಮಾಲೀಕರು ಗುಜರಿಯತ್ತ ಹೊರಳುತ್ತಾರೆ. ಅದೇ ಮಾಡೆಲ್ಲಿನ ಹಳೆ ಎಂಜಿನ್ ಬರುತ್ತದೆ, ಕೂರುತ್ತದೆ, ಸ್ಟಾರ್ಟ್ ಕೂಡ ಆಗುತ್ತದೆ. ಮೀಟರ್ ಬೋರ್ಡಿನ ಹಳದಿ ಚೆಕ್ ಲೈಟ್ ಮಾತ್ರ ಆರುವುದಿಲ್ಲ. ಸ್ಕ್ಯಾನರ್ ಒಂದು ಸೆನ್ಸರಿನ ಹೆಸರು ಹೇಳುತ್ತದೆ. ಸೆನ್ಸರ್ ಬದಲಿಸಿ ಕೋಡ್ ಅಳಿಸುತ್ತಾರೆ. ಎರಡು ದಿನ ಕಳೆದ ಮೇಲೆ ಅದೇ ಲೈಟ್, ಅದೇ ಕೋಡ್.

ಗಾಡಿಯ ಕಂಪ್ಯೂಟರ್, ಅಂದರೆ ಇಸಿಯು, ಸೆನ್ಸರನ್ನು ಕಣ್ಣಿಂದ ನೋಡುವುದಿಲ್ಲ. ತನ್ನ ಪಿನ್ನಿಗೆ ಬಂದ ವೋಲ್ಟೇಜನ್ನಷ್ಟೇ ನೋಡುತ್ತದೆ. ಆ ವೋಲ್ಟೇಜ್ ತನ್ನ ಲೆಕ್ಕಕ್ಕೆ ತಾಳೆಯಾಗದಿದ್ದರೆ ಲೈಟ್ ಹಚ್ಚುತ್ತದೆ. ಎಂಜಿನ್ ಬದಲಾದ ಗಾಡಿಯಲ್ಲಿ ತಾಳೆ ತಪ್ಪಲು ಸೆನ್ಸರ್ ಬಿಟ್ಟು ಬೇರೆ ಹತ್ತಾರು ಕಾರಣ ಇರುತ್ತವೆ. ಅವನ್ನು ಹುಡುಕುವ ಕ್ರಮವನ್ನು ಕೆಲಸ ಮಾಡುತ್ತಾ ಕಲಿತೆ. ಅದನ್ನೇ ಇಲ್ಲಿ ಪಾಠಗಳಾಗಿ ಬರೆದಿದ್ದೇನೆ.

1. ಕೋಡನ್ನು ಕೊನೆಯ ಪದದವರೆಗೆ ಓದಿ

ಪಿ0335, ಪಿ0336 ಎರಡೂ ಕ್ರ್ಯಾಂಕ್ ಸೆನ್ಸರಿನ ಕೋಡುಗಳೇ. ಮೊದಲನೆಯದು ಸರ್ಕ್ಯೂಟಿನ ದೋಷ: ಸಿಗ್ನಲ್ ಬರುತ್ತಲೇ ಇಲ್ಲ. ಎರಡನೆಯದು ರೇಂಜ್ ಅಥವಾ ಪರ್ಫಾರ್ಮೆನ್ಸ್ ದೋಷ: ಸಿಗ್ನಲ್ ಬರುತ್ತಿದೆ, ಆದರೆ ಲೆಕ್ಕ ಕೂಡುತ್ತಿಲ್ಲ. ಮೊದಲನೆಯದಕ್ಕೆ ವೈರ್, ಕಪ್ಲರ್ ಹುಡುಕಬೇಕು. ಎರಡನೆಯದಕ್ಕೆ ಸೆನ್ಸರ್ ಓದುವ ಹಲ್ಲಿನ ಚಕ್ರ, ನಡುವಿನ ಸಂದು, ಟೈಮಿಂಗ್ ನೋಡಬೇಕು. ಹಾಗೆಯೇ ಪಿ0117 ಅಂದರೆ ಕೂಲೆಂಟ್ ಸೆನ್ಸರಿನ ವೋಲ್ಟೇಜ್ ತೀರ ಕಡಿಮೆ, ಪಿ0118 ಅಂದರೆ ತೀರ ಹೆಚ್ಚು. ಒಂದು ಶಾರ್ಟ್ ಕಡೆಗೆ ಕೈ ತೋರಿಸುತ್ತದೆ, ಇನ್ನೊಂದು ಕಡಿದ ವೈರಿನ ಕಡೆಗೆ. ಗ್ಯಾರೇಜುಗಳಲ್ಲಿ ಇವೆಲ್ಲ ‘ಸೆನ್ಸರ್ ಹೋಗಿದೆ’ ಎಂಬ ಒಂದೇ ಮಾತಾಗಿಬಿಡುತ್ತವೆ. ದುಡ್ಡು ಸೋರಲು ಶುರುವಾಗುವುದೇ ಅಲ್ಲಿಂದ.

2. ಅಳಿಸುವ ಮೊದಲು ಫೋಟೊ ತೆಗೆದುಕೊಳ್ಳಿ

ಕೋಡ್ ದಾಖಲಾದ ಗಳಿಗೆಯಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಎಷ್ಟು ಬಿಸಿಯಿತ್ತು, ಗಾಡಿ ಯಾವ ವೇಗದಲ್ಲಿತ್ತು ಎಂಬುದನ್ನು ಇಸಿಯು ಫ್ರೀಜ್ ಫ್ರೇಮ್ ಎಂದು ಬರೆದಿಟ್ಟುಕೊಂಡಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಸ್ಕ್ಯಾನರಿನ ಪರದೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದ ಮೇಲೆಯೇ ಅಳಿಸುವ ಬಟನ್ ಒತ್ತಬೇಕೆಂಬುದು ನಮ್ಮ ಹುಡುಗರಿಗೆ ಹಾಕಿಕೊಟ್ಟ ನಿಯಮ.

ಎಂಜಿನ್ ಬದಲಿಸಿದ ಗಾಡಿಯಲ್ಲಿ ಒಂದು ಸಲ ಅಳಿಸಲೇಬೇಕು ಕೂಡ. ಕೆಲಸದ ನಡುವೆ ಅರ್ಧ ಕಪ್ಲರ್ ಬಿಚ್ಚಿರುವಾಗ ಯಾರೋ ಕೀ ಆನ್ ಮಾಡಿರುತ್ತಾರೆ, ಬಿಚ್ಚಿದ ಪ್ರತಿ ಸೆನ್ಸರಿಗೂ ಒಂದೊಂದು ಕೋಡ್ ಕೂತಿರುತ್ತದೆ. ಎಲ್ಲ ಅಳಿಸಿ ಓಡಿಸಿದಾಗ ಮರಳಿ ಬರುವ ಕೋಡೇ ಅಸಲಿ. ಅದು ಯಾವಾಗ ಬರುತ್ತದೆ ಎಂಬುದೂ ಮುಖ್ಯ. ಕೀ ತಿರುಗಿಸಿದ ಕೂಡಲೇ ಬಂದರೆ ಸಾಮಾನ್ಯವಾಗಿ ವೈರಿಂಗ್. ಬಿಸಿಯಾದ ಮೇಲೆ ಅಥವಾ ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಬಂದರೆ ಯಾಂತ್ರಿಕ ಕಾರಣ ಇರುವ ಸಂಭವ ಹೆಚ್ಚು. ಎಷ್ಟೋ ಕೋಡುಗಳು ಎರಡು ಓಡಾಟಗಳಲ್ಲಿ ದೋಷ ಕಂಡ ಮೇಲಷ್ಟೇ ಲೈಟ್ ಹಚ್ಚುತ್ತವೆ. ಗಾಡಿ ಗ್ಯಾರೇಜಿನಿಂದ ಹೊರಟಾಗ ಆರಿದ್ದ ಲೈಟ್ ಮಾರನೆಯ ದಿನ ಹತ್ತುವುದು ಇದೇ ಕಾರಣಕ್ಕೆ.

3. ಕೈಯಾಡಿದ ಜಾಗದಿಂದ ಶುರು ಮಾಡಿ, ಮೊದಲು ಅರ್ತ್

ನಿನ್ನೆಯವರೆಗೆ ಇಲ್ಲದ ದೋಷ ಎಂಜಿನ್ ಇಳಿಸಿ ಏರಿಸಿದ ಮೇಲೆ ಬಂದಿದೆ ಎಂದರೆ, ಮೊದಲ ಅನುಮಾನ ಬಿಚ್ಚಿ ಸೇರಿಸಿದ ಜಾಗಗಳ ಮೇಲೆ ಹೋಗಬೇಕು. ಅವುಗಳಲ್ಲಿ ಹೆಚ್ಚು ಮರೆತುಹೋಗುವುದು ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ಪಟ್ಟಿ ಇಲ್ಲದಿದ್ದರೆ ಬಾಡಿಗೂ ಅದಕ್ಕೂ ಸರಿಯಾದ ವಿದ್ಯುತ್ ಸಂಪರ್ಕವೇ ಇಲ್ಲ. ಆಗ ಸೆಲ್ಫ್ ಹೊಡೆದಾಗ ನೂರಾರು ಆಂಪಿಯರ್ ಕರೆಂಟ್ ಗೇರ್ ಕೇಬಲ್ಲು, ಸೆನ್ಸರಿನ ತೆಳು ಅರ್ತ್ ವೈರು ಹೀಗೆ ಸಿಕ್ಕ ದಾರಿ ಹಿಡಿಯುತ್ತದೆ.

ಪಟ್ಟಿ ಇದ್ದರೂ ಸಾಲದು. ಗುಜರಿ ಎಂಜಿನ್ ಹೊಸದಾಗಿ ಕಾಣಲೆಂದು ಅದಕ್ಕೆ ಸಿಲ್ವರ್ ಪೇಂಟ್ ಹೊಡೆದಿರುತ್ತಾರೆ. ಆ ಪೇಂಟಿನ ಮೇಲೆಯೇ ಅರ್ತಿನ ಬೋಲ್ಟ್ ಬಿಗಿದರೆ ನೋಟಕ್ಕೆ ಕೆಲಸ ಮುಗಿದಿದೆ, ಕರೆಂಟ್ ಮಾತ್ರ ಹರಿಯುವುದಿಲ್ಲ. ಪರೀಕ್ಷೆ ಸುಲಭ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಯಿರಿ. 0.3 ವೋಲ್ಟ್ ದಾಟಿದರೆ ಅರ್ತ್ ಸರಿಯಿಲ್ಲ. ಸೆನ್ಸರಿನ ಅರ್ತ್ ಪಿನ್ನಿನಲ್ಲಿ ಎಂಜಿನ್ ಓಡುವಾಗ 0.1 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಜೊತೆಗೆ ಬ್ಯಾಟರಿ: ತುಂಬಿದ್ದರೆ ನಿಂತಾಗ 12.6 ವೋಲ್ಟ್ ಇರಬೇಕು, ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗಿಳಿಯಬಾರದು. ವಾರಗಟ್ಟಲೆ ಗ್ಯಾರೇಜಿನ ಮೂಲೆಯಲ್ಲಿ ನಿಂತ ಗಾಡಿಯ ಬ್ಯಾಟರಿ ಸೊರಗಿರುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಇಸಿಯು ಸಂಬಂಧವೇ ಇಲ್ಲದ ನಾಲ್ಕಾರು ಕೋಡ್ ಒಟ್ಟಿಗೆ ತೋರಿಸುವುದುಂಟು.

4. ಟಕ್ಕೆಂದ ಕಪ್ಲರನ್ನು ನಂಬಬೇಡಿ

ಕಪ್ಲರ್ ಲಾಕ್ ಬಿದ್ದ ಸದ್ದು ಬಂದರೆ ಒಳಗಿನ ಪಿನ್ ಕೂತಿದೆ ಎಂದು ಖಾತ್ರಿಯಿಲ್ಲ. ಪಿನ್ ಹಿಂದಕ್ಕೆ ಜಾರಿರಬಹುದು, ಹೆಣ್ಣು ಟರ್ಮಿನಲ್ ಅಗಲವಾಗಿ ಹಿಡಿತ ಕಳೆದುಕೊಂಡಿರಬಹುದು. ಪ್ರವಾಹದಲ್ಲಿ ಮುಳುಗಿದ ಗಾಡಿಯಿಂದ ಬಂದ ಎಂಜಿನ್ನಿನಲ್ಲಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. 2022ರ ಮಳೆಗಾಲದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದ ಮೇಲೆ ನಾನು ಎಂಜಿನ್ ಕೊಳ್ಳುವ ಮುಂಚೆ ಮೊದಲು ನೋಡುವುದು ಕಪ್ಲರುಗಳ ಒಳಗೆ, ಆಮೇಲೆ ಆಯಿಲ್ ಕಡ್ಡಿ.

ಇನ್ನೊಂದು ತೊಂದರೆ ಅದಲುಬದಲು. ಒಂದೇ ಆಕಾರದ, ಒಂದೇ ಬಣ್ಣದ ಕಪ್ಲರುಗಳು ಹತ್ತಿರ ಹತ್ತಿರ ಇದ್ದರೆ ಒಂದರದ್ದು ಇನ್ನೊಂದಕ್ಕೆ ಹೋಗುತ್ತದೆ. ಎಂಜಿನ್ ಇಳಿಸುವ ಮೊದಲೇ ಪ್ರತಿ ಕಪ್ಲರಿಗೂ ಮಾಸ್ಕಿಂಗ್ ಟೇಪ್ ಸುತ್ತಿ ನಂಬರ್ ಬರೆದರೆ ಈ ಗೋಳಿಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾದ ವೈರು, ಸೈಲೆನ್ಸರ್ ಮ್ಯಾನಿಫೋಲ್ಡಿಗೆ ತಾಗಿ ಕರಗಿದ ವೈರು ಇವನ್ನೂ ಹುಡುಕಬೇಕು. ಎಂಜಿನ್ ಓಡುತ್ತಿರುವಾಗ ಲೈವ್ ಡೇಟಾ ನೋಡುತ್ತಾ ವೈರಿಂಗನ್ನು ಅಡಿ ಅಡಿಯಾಗಿ ಅಲ್ಲಾಡಿಸಿ. ಅಂಕಿ ಎಲ್ಲಿ ಹಾರುತ್ತದೋ ದೋಷ ಅಲ್ಲೇ ಹತ್ತಿರದಲ್ಲಿರುತ್ತದೆ.

5. ಮೂರು ಸೆನ್ಸರ್ ಒಟ್ಟಿಗೆ ಕೆಡುವುದಿಲ್ಲ

ಸ್ಕ್ಯಾನರಿನಲ್ಲಿ ಆಕ್ಸಿಲರೇಟರ್ ಪೆಡಲ್, ರೈಲ್ ಪ್ರೆಶರ್, ಬೂಸ್ಟ್ ಪ್ರೆಶರ್ ಎಲ್ಲದರ ಕೋಡೂ ಒಂದೇ ಸಲ ಬಂದರೆ ಯಾವ ಸೆನ್ಸರನ್ನೂ ಕೊಳ್ಳಲು ಹೋಗಬೇಡಿ. ಇಸಿಯು ಕೆಲವು ಸೆನ್ಸರುಗಳಿಗೆ ಒಂದೇ ಮೂಲದಿಂದ 5 ವೋಲ್ಟ್ ಹಂಚುತ್ತದೆ. ಬೀದಿಯ ನಲ್ಲಿ ಕೊಳವೆ ಒಂದು ಮನೆಯಲ್ಲಿ ಒಡೆದರೆ ಉಳಿದ ಮನೆಗಳ ನಲ್ಲಿಯೂ ಬತ್ತುವ ಹಾಗೆ, ಒಂದು ಸೆನ್ಸರ್ ಅಥವಾ ಒಂದು ಸುಲಿದ ವೈರ್ ಶಾರ್ಟ್ ಆದರೆ ಆ ಸಾಲಿನ ಎಲ್ಲ ಸೆನ್ಸರುಗಳೂ ಸೊನ್ನೆ ತೋರಿಸುತ್ತವೆ. ಕೀ ಆನ್ ಇಟ್ಟು, ಸೆನ್ಸರಿನ ಕಪ್ಲರಿನಲ್ಲಿ 5 ವೋಲ್ಟ್ ಇದೆಯೇ ನೋಡಿ. ಇಲ್ಲದಿದ್ದರೆ ಆ ಸಾಲಿನ ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಅಪರಾಧಿ. ಎಲ್ಲ ಬಿಚ್ಚಿದರೂ ಮರಳದಿದ್ದರೆ ವೈರಿಂಗ್ ನೋಡಬೇಕು, ಇಸಿಯು ಮೇಲೆ ಅನುಮಾನ ಪಡುವುದು ಅದಾದ ಮೇಲೆ.

6. ಬೆಳಗಿನ ತಣ್ಣನೆಯ ಎಂಜಿನ್ ಒಳ್ಳೆಯ ಸಾಕ್ಷಿ

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲೆಂಟ್, ಒಳಗೆ ಬರುವ ಗಾಳಿ, ಹೊರಗಿನ ಹವೆ ಎಲ್ಲದರ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಸ್ಕ್ಯಾನರಿನಲ್ಲಿ ಈ ಅಂಕಿಗಳನ್ನು ಓದಿ. ಮೈನಸ್ 40 ಡಿಗ್ರಿ ತೋರಿಸಿದರೆ ವೈರ್ ಕಡಿದಿದೆ ಅಥವಾ ಕಪ್ಲರ್ ಬಿಚ್ಚಿದೆ. ಅಷ್ಟು ಚಳಿ ಮಡಿಕೇರಿಯಲ್ಲೂ ಇಲ್ಲ! ತಣ್ಣನೆಯ ಎಂಜಿನ್ ನೂರನಲವತ್ತರ ಆಸುಪಾಸು ತೋರಿಸಿದರೆ ಶಾರ್ಟ್.

ತಲೆ ತಿನ್ನುವುದು ಇವೆರಡರ ನಡುವಿನ ತಪ್ಪು ಅಂಕಿ. ಕೂಲೆಂಟ್ ಸೆನ್ಸರ್ ಬಿಸಿಯಾದಂತೆ ರೆಸಿಸ್ಟೆನ್ಸ್ ಇಳಿಸುವ ಜಾತಿಯದು. ಬಾಷ್‌ನ ಸಾಮಾನ್ಯ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ 300ರ ಆಚೀಚೆ ತೋರಿಸುತ್ತದೆ. ಬೇರೆ ವರ್ಷದ ಎಂಜಿನ್ನಿನ ಜೊತೆ ಬಂದ ಸೆನ್ಸರಿನ ಮರೆ, ಕಪ್ಲರ್ ಎಲ್ಲ ಒಂದೇ ಇದ್ದು ಈ ಲೆಕ್ಕ ಮಾತ್ರ ಬೇರೆ ಇರಬಹುದು. ಆಗ ಇಸಿಯು ತಪ್ಪು ಉಷ್ಣತೆ ಓದಿ ಡೀಸೆಲ್ ಹೆಚ್ಚು ಕಡಿಮೆ ಮಾಡುತ್ತದೆ, ಫ್ಯಾನ್ ಹೊತ್ತಲ್ಲದ ಹೊತ್ತಿನಲ್ಲಿ ತಿರುಗುತ್ತದೆ. ಹಾಗಾಗಿ ನಮ್ಮದು ಒಂದೇ ಕಟ್ಟುಪಾಡು: ಇಸಿಯು ಹಳೆಯದೇ ಇರುವುದರಿಂದ, ಚೆನ್ನಾಗಿರುವ ಹಳೆಯ ಸೆನ್ಸರುಗಳನ್ನೇ ಬಂದ ಎಂಜಿನ್ನಿಗೆ ಹಾಕುವುದು. ಹಳೆಯ ಎಂಜಿನ್ನನ್ನು ಗುಜರಿಗೆ ಕೊಡುವ ಮೊದಲು ಅದರ ಸೆನ್ಸರುಗಳನ್ನು ಬಿಚ್ಚಿಟ್ಟುಕೊಳ್ಳಿ. ಲೈಟ್ ಆರುವವರೆಗೆ ಎಂಜಿನ್ನನ್ನೂ ಕಳಿಸದಿದ್ದರೆ ಇನ್ನೂ ಒಳ್ಳೆಯದು.

7. ಹಲ್ಲು ನೋಡದೆ ಕ್ರ್ಯಾಂಕ್ ಸೆನ್ಸರ್ ಕೊಳ್ಳಬೇಡಿ

ಕ್ರ್ಯಾಂಕ್ ಸೆನ್ಸರಿನ ಎದುರು ಒಂದು ಹಲ್ಲಿನ ಚಕ್ರ ತಿರುಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಅದು ಫ್ಲೈವೀಲಿನ ಮೇಲೆ, ಕೆಲವದರಲ್ಲಿ ಪುಲ್ಲಿಯ ಮೇಲೆ, ಇನ್ನು ಕೆಲವದರಲ್ಲಿ ಒಳಗೆ ಕ್ರ್ಯಾಂಕಿನ ಮೇಲೆಯೇ ಇರುತ್ತದೆ. ಬಹಳ ಗಾಡಿಗಳಲ್ಲಿ 60 ಹಲ್ಲಿನ ಲೆಕ್ಕ, ಅದರಲ್ಲಿ ಎರಡು ಬೇಕೆಂದೇ ಖಾಲಿ. ಇರುವ 58 ಹಲ್ಲುಗಳಲ್ಲಿ ಒಂದೊಂದು 6 ಡಿಗ್ರಿ ತಿರುಗಿದ್ದನ್ನು ಹೇಳಿದರೆ, ಖಾಲಿ ಜಾಗ ಕ್ರ್ಯಾಂಕ್ ಎಲ್ಲಿದೆ ಎಂದು ಹೇಳುತ್ತದೆ. ಫೋರ್ಡಿನ ಎಷ್ಟೋ ಎಂಜಿನ್ನುಗಳಲ್ಲಿ 36ರಲ್ಲಿ ಒಂದು ಖಾಲಿ. ಲೆಕ್ಕ ಬೇರೆಯಾದ ಚಕ್ರ ಬಂದರೆ ಸಾಧಾರಣವಾಗಿ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಸ್ಟಾರ್ಟ್ ಆಗಿ, ಓಡಿ, ಆಗಾಗ ಲೈಟ್ ಹಚ್ಚುವುದು ಚಿಕ್ಕ ದೋಷಗಳು.

ಅಂಥದೊಂದು ಡೀಸೆಲ್ ಟ್ಯಾಕ್ಸಿ ಬಂದಿತ್ತು. ಕೋಡ್ ಪಿ0336. “ಅಣ್ಣಾ, ಸೆನ್ಸರ್ ಹೊಸದು, ಕಂಪನಿಯದೇ ಹಾಕ್ಸಿದೀನಿ, ಬಿಲ್ ಇದೆ ನೋಡಿ” ಎಂದರು ಡ್ರೈವರ್. ಫ್ರೀಜ್ ಫ್ರೇಮ್ ನೋಡಿದರೆ ಪ್ರತಿ ಸಲವೂ ಆರ್‌ಪಿಎಂ ಏರಿದಾಗಲೇ ದೋಷ. ವೈರ್, ಅರ್ತ್, ಕಪ್ಲರ್ ಎಲ್ಲ ಸರಿ ಇದ್ದವು. ಆಸಿಲೋಸ್ಕೋಪ್ ಹಚ್ಚಿದಾಗ ಅಲೆಗಳ ಸಾಲಿನಲ್ಲಿ, ಪ್ರತಿ ಸುತ್ತಿಗೊಮ್ಮೆ, ಒಂದೇ ಜಾಗದಲ್ಲಿ ಒಂದು ಅಲೆ ಕುಗ್ಗಿ ಕಾಣುತ್ತಿತ್ತು. ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಫ್ಲೈವೀಲಿನ ತಗಡಿನ ಚಕ್ರದ ಒಂದು ಹಲ್ಲು ಬಾಗಿತ್ತು. ಬೋಲ್ಟ್ ಬಿಗಿಯುವಾಗ ಫ್ಲೈವೀಲ್ ತಿರುಗದಿರಲೆಂದು ಯಾರೋ ಅಲ್ಲಿ ಸ್ಕ್ರೂಡ್ರೈವರ್ ತುರುಕಿದ ಗುರುತು ಸ್ಪಷ್ಟವಾಗಿತ್ತು. ಹಳೆಯ ಎಂಜಿನ್ನಿನ ಫ್ಲೈವೀಲ್ ತಂದು ಹಾಕಿದೆವು. ಹೊಸ ಸೆನ್ಸರ್ ಬಿಚ್ಚಿ ಅವರ ಹಳೆಯ ಸೆನ್ಸರನ್ನೇ ಮರಳಿ ಹಾಕಿದರೂ ಲೈಟ್ ಬರಲಿಲ್ಲ.

ಇದೇ ಜಾಗದಲ್ಲಿ ಇನ್ನೂ ಮೂರು ಸಂಗತಿ ನೋಡಿ. ಸೆನ್ಸರಿನ ಮೂತಿಗೂ ಹಲ್ಲಿಗೂ ಸಂದು ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ಮಿಲಿಮೀಟರ್. ಮೂತಿಯ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿರಬಾರದು. ಎರಡು ವೈರಿನ ಕಾಯಿಲ್ ಸೆನ್ಸರಿನಲ್ಲಿ ವೈರ್ ಅದಲುಬದಲಾದರೆ ಅಲೆ ತಲೆಕೆಳಗಾಗಿ ಟೈಮಿಂಗ್ ಲೆಕ್ಕ ತಪ್ಪುತ್ತದೆ. ಆ ಜಾತಿಯ ಸೆನ್ಸರನ್ನು ಓಮ್ ಮೀಟರಿನಲ್ಲಿ ಪರೀಕ್ಷಿಸಬಹುದು. ಮೂರು ವೈರಿನ ಹಾಲ್ ಸೆನ್ಸರಿಗೆ ಆ ಪರೀಕ್ಷೆ ನಡೆಯದು. ಅದಕ್ಕೆ ಸಪ್ಲೈ ಕೊಟ್ಟು ಸಿಗ್ನಲ್ಲನ್ನೇ ನೋಡಬೇಕು.

8. ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು

ಪಿ0016 ಅಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಸಿಗ್ನಲ್ಲುಗಳು ಒಂದಕ್ಕೊಂದು ಕೂಡುತ್ತಿಲ್ಲ. ಎರಡೂ ಸೆನ್ಸರ್ ಬದಲಿಸಿದರೂ ಸಾಮಾನ್ಯವಾಗಿ ಇದು ಹೋಗದು, ಏಕೆಂದರೆ ಟೈಮಿಂಗ್ ಚೈನ್ ಹಿಗ್ಗಿರುತ್ತದೆ ಅಥವಾ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿರುತ್ತದೆ. ಇದನ್ನು ಕಡೆಗಣಿಸಿ ಓಡಿಸಿದರೆ ತಂದ ಎಂಜಿನ್ನೂ ಗುಜರಿಗೆ ಹೋಗುತ್ತದೆ. ಡೀಸೆಲ್ ಗಾಡಿಯಲ್ಲಿ ಪಿ0087, ಅಂದರೆ ರೈಲ್ ಪ್ರೆಶರ್ ಕಡಿಮೆ, ಬಂದಾಗ ಪ್ರೆಶರ್ ಸೆನ್ಸರನ್ನು ಬೈಯುವ ಮೊದಲು ಡೀಸೆಲ್ ಫಿಲ್ಟರ್, ಗಾಳಿ ಎಳೆಯುತ್ತಿರುವ ಪೈಪು, ಹೆಚ್ಚು ರಿಟರ್ನ್ ಬಿಡುತ್ತಿರುವ ಇಂಜೆಕ್ಟರ್ ನೋಡಿ. ಪೆಟ್ರೋಲ್ ಗಾಡಿಯಲ್ಲಿ ಪಿ0171, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ, ಬಂದರೆ ಹಾಕಲು ಮರೆತ ವ್ಯಾಕ್ಯೂಮ್ ಪೈಪು, ಕೂರದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹುಡುಕಿ. ಆಕ್ಸಿಜನ್ ಸೆನ್ಸರಿನ ಮುಂಚೆ ಸೈಲೆನ್ಸರ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಗೆ ಸೇರಿ ಆ ಸೆನ್ಸರ್ ಇಲ್ಲದ ಕೊರತೆ ಹೇಳುತ್ತದೆ. ಹೊಗೆ ಬಿಟ್ಟು ಸೋರಿಕೆ ಹುಡುಕುವ ಯಂತ್ರ ಇದ್ದರೆ ಕೆಲಸ ಬೇಗ ಆಗುತ್ತದೆ, ಇಲ್ಲದಿದ್ದರೆ ಕಿವಿ ಮತ್ತು ತಾಳ್ಮೆ ಸಾಕು.

9. ಹೆಸರು ಒಂದೇ ಇದ್ದರೂ ಎಂಜಿನ್ ಬೇರೆ ಇರಬಹುದು

ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಫಿಯೆಟ್ ಮೂಲದ 1,248 ಸಿಸಿ ಮಲ್ಟಿಜೆಟ್ ಡೀಸೆಲ್. ಮಾರುತಿ, ಟಾಟಾ, ಫಿಯೆಟ್ ಮೂರೂ ಕಂಪನಿಗಳ ಗಾಡಿಗಳಲ್ಲಿ ಅದು ಬಂತು. ಸ್ವಿಫ್ಟ್, ಡಿಸೈರ್‌ಗಳಲ್ಲಿದ್ದದ್ದು ಸುಮಾರು 75 ಅಶ್ವಶಕ್ತಿಯ, ಸ್ಥಿರ ರೆಕ್ಕೆಯ ಟರ್ಬೊ ಇರುವ ಎಂಜಿನ್. ಎರ್ಟಿಗಾ, ಸಿಯಾಜ್‌ಗಳಲ್ಲಿ 90 ಅಶ್ವಶಕ್ತಿಯದು, ಅದರ ಟರ್ಬೊ ರೆಕ್ಕೆಗಳ ಕೋನವನ್ನು ಇಸಿಯು ಬದಲಿಸುತ್ತಿರುತ್ತದೆ. ಬ್ಲಾಕ್ ನೋಡಿ ‘ಎಲ್ಲ ಒಂದೇ’ ಎಂದು 90ರ ಎಂಜಿನ್ನನ್ನು 75ರ ಗಾಡಿಗೆ ಟರ್ಬೊ ಸಮೇತ ಕೂರಿಸಿದರೆ ಆ ರೆಕ್ಕೆಗಳನ್ನು ಆಡಿಸುವವರೇ ಇರುವುದಿಲ್ಲ. ಬೂಸ್ಟ್ ಲೆಕ್ಕ ತಪ್ಪುತ್ತದೆ, ಲೈಟ್ ಹತ್ತುತ್ತದೆ. ಬಿಎಸ್-4, ಬಿಎಸ್-6 ಎಂಜಿನ್ನುಗಳ ನಡುವೆ ಅಂತರ ಇನ್ನೂ ಹೆಚ್ಚು. 2020ರ ಏಪ್ರಿಲ್ 1ರಿಂದ ಬಿಎಸ್-6 ಕಡ್ಡಾಯವಾದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್, ಅದರ ಪ್ರೆಶರ್ ಸೆನ್ಸರ್, ಉಷ್ಣತೆಯ ಸೆನ್ಸರುಗಳೆಲ್ಲ ಬಂದವು.

ಇಂಜೆಕ್ಟರಿನ ಮಾತೂ ಇಲ್ಲಿಯದೇ. ಬಹುತೇಕ ಕಾಮನ್ ರೈಲ್ ಇಂಜೆಕ್ಟರುಗಳಲ್ಲಿ ತಲೆಯ ಮೇಲೆ ಅದು ಎಷ್ಟು ಡೀಸೆಲ್ ಬಿಡುತ್ತದೆ ಎಂಬುದರ ಕೋಡ್ ಕೊರೆದಿರುತ್ತಾರೆ. ಬಾಷ್‌ನದರಲ್ಲಿ ಅದು ಹೆಚ್ಚಾಗಿ 7 ಅಕ್ಷರ, ಡೆಲ್ಫಿಯದರಲ್ಲಿ 16 ಅಥವಾ 20. ಇಂಜೆಕ್ಟರುಗಳು ಎಂಜಿನ್ನಿನ ಜೊತೆ ಬದಲಾದರೆ ಹೊಸ ಕೋಡುಗಳನ್ನು ಸಿಲಿಂಡರ್ ಕ್ರಮದಲ್ಲೇ ಇಸಿಯುಗೆ ಬರೆಯಬೇಕು. ಎಂಜಿನ್ ಕೂರಿಸಿದ ಮೇಲೆ ಆ ಅಕ್ಷರಗಳು ಕಾಣದ ಮೂಲೆ ಸೇರಬಹುದು. ಹೊರಗಿರುವಾಗಲೇ ಫೋಟೊ ತೆಗೆದಿಡಿ.

10. ಕಲಿಸಿ, ಓಡಿಸಿ, ಆಮೇಲೆ ಬಿಲ್ ಮಾಡಿ

ಇಸಿಯು ಹಳೆಯ ಎಂಜಿನ್ನಿನ ಗುಣಗಳನ್ನು ಕಲಿತು ನೆನಪಿಟ್ಟುಕೊಂಡಿರುತ್ತದೆ. ಹಲವು ಗಾಡಿಗಳಲ್ಲಿ ಥ್ರಾಟಲ್, ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್, ಕ್ರ್ಯಾಂಕಿನ ಸಣ್ಣ ಏರಿಳಿತ ಇವನ್ನು ಸ್ಕ್ಯಾನರ್ ಮೂಲಕ ಹೊಸದಾಗಿ ಕಲಿಸಬೇಕು. ಪಿ0315 ಎಂಬ ಕೋಡ್ ಇರುವುದೇ ‘ಕ್ರ್ಯಾಂಕಿನ ಏರಿಳಿತ ಇನ್ನೂ ಕಲಿತಿಲ್ಲ’ ಎಂದು ಹೇಳಲು. ಕಲಿಸಿದ ಮೇಲೆ ತಣ್ಣನೆಯ ಸ್ಟಾರ್ಟು, ಊರೊಳಗಿನ ಓಡಾಟ, ಹೆದ್ದಾರಿಯ ಒಂದೇ ವೇಗದ ಓಟ ಮೂರೂ ಆಗಬೇಕು. ಸ್ಕ್ಯಾನರಿನಲ್ಲಿ ಮಾನಿಟರುಗಳೆಲ್ಲ, ಅಂದರೆ ಇಸಿಯು ತಾನೇ ಮಾಡಿಕೊಳ್ಳುವ ಪರೀಕ್ಷೆಗಳೆಲ್ಲ, ‘ರೆಡಿ’ ಎಂದು ತೋರಿಸಿದಾಗಲೇ ಕೆಲಸ ಮುಗಿದದ್ದು. ಅಳಿಸಿದ ತಕ್ಷಣ ಆರಿದ ಲೈಟನ್ನು ತೋರಿಸಿ ಕೀ ಕೊಟ್ಟು ಕಳಿಸುವುದು ರಿಪೇರಿಯಲ್ಲ. ಬಲ್ಬ್ ಕೀಳುವುದು, ಸಾಫ್ಟ್‌ವೇರಿನಲ್ಲಿ ಕೋಡನ್ನೇ ಮುಚ್ಚಿಸುವುದು ಇನ್ನೂ ಕೆಟ್ಟದ್ದು. ನಾಳೆ ನಿಜವಾದ ದೋಷ ಬಂದಾಗ ಹೇಳುವವರೇ ಇರುವುದಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಚೆಕ್ ಲೈಟ್ ಮಿಟುಕುತ್ತಿದ್ದರೆ ಮಿಸ್‌ಫೈರ್ ಆಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತಿದೆ ಎಂದರ್ಥ. ಆಗ ಓಡಿಸಬೇಡಿ.

ಮಾಲೀಕರಿಗೆ ಎರಡು ಮಾತು. ಎಂಜಿನ್ ಬದಲಾದರೆ ಆರ್‌ಸಿಯಲ್ಲಿರುವ ಎಂಜಿನ್ ನಂಬರೂ ಬದಲಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನೇ ಹೇಳುತ್ತದೆ. ಎಂಜಿನ್ ಕೊಂಡ ಬಿಲ್, ಅದು ಬಂದ ಗಾಡಿಯ ಕಾಗದ ಇಟ್ಟುಕೊಂಡು ಆರ್‌ಟಿಒ ಕಚೇರಿಗೂ ವಿಮೆಯವರಿಗೂ ತಿಳಿಸಿ. ಇಲ್ಲದಿದ್ದರೆ ಅಪಘಾತವಾದಾಗ ಕ್ಲೇಮ್ ತೊಡಕಾಗುತ್ತದೆ. ಇನ್ನು, ಚೆಕ್ ಲೈಟ್ ಹತ್ತಿದಾಗ ಮೆಕ್ಯಾನಿಕ್ ‘ಸೆನ್ಸರ್ ತನ್ನಿ’ ಎಂದರೆ ಒಂದೇ ಪ್ರಶ್ನೆ ಕೇಳಿ: “ಅಣ್ಣಾ, ಮೀಟರ್ ಇಟ್ಟು ಎಷ್ಟು ವೋಲ್ಟ್ ಬಂತು ತೋರಿಸಿ.” ಅಳತೆ ತೋರಿಸುವವರ ಕೈಗೆ ಗಾಡಿ ಕೊಡಿ. ಅರ್ತ್, ಕಪ್ಲರ್, ಸಪ್ಲೈ, ಹಲ್ಲಿನ ಚಕ್ರ ಈ ನಾಲ್ಕನ್ನೂ ನೋಡಿ ಮುಗಿಸುವ ತನಕ ಸೆನ್ಸರಿಗೆ ದುಡ್ಡು ಬಿಚ್ಚಬೇಡಿ.